ಪೋಸ್ಟ್‌ಗ್ರೆಸ್ ಹಲವು ವರ್ಷ ಬಳಸಿದ ಮೇಲೆ: ಹೊರಗಿನಿಂದ ಕನೆಕ್ಟ್ ಆಗದಿದ್ದಾಗ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನ ವೇಗ, ಫೀಚರ್‌ಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ನಾನು ಹೇಳಹೊರಟಿರುವುದು ಬೇರೆ: ಇನ್ನೊಂದು ಸಿಸ್ಟಮ್‌ನಿಂದ ಕನೆಕ್ಟ್ ಮಾಡಲು ಹೋದಾಗ ಅದು ಒಲ್ಲೆ ಅಂದರೆ, ಕಾರಣ ಹುಡುಕುವುದು ಎಷ್ಟು ಸುಲಭ ಅನ್ನುವುದು. ಕೆಲವು ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುತ್ತೇನೆ. 9.6ನೇ ಆವೃತ್ತಿಯ ಕಾಲದಿಂದಲೂ ನನಗೆ ಬರುವ ಕರೆ ಒಂದೇ: "ಸರ್, ಸರ್ವರ್‌ನಲ್ಲಿ ಸರಿಯಾಗಿ ಓಡುತ್ತೆ, ನಮ್ಮ ಸಿಸ್ಟಮ್‌ನಿಂದ ಮಾತ್ರ ಕನೆಕ್ಟ್ ಆಗ್ತಿಲ್ಲ."

ಪರದೆಯ ಮೇಲೆ ಬಂದ ಸಾಲನ್ನು ಇದ್ದ ಹಾಗೇ ಓದಿ ಅನ್ನುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. 'ಕನೆಕ್ಷನ್ ರಿಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಮೆಷಿನ್ ಸಿಕ್ಕಿದೆ, ಆ ಪೋರ್ಟ್‌ನಲ್ಲಿ (ಮೆಷಿನ್‌ನ ನಂಬರ್ ಹಾಕಿದ ಬಾಗಿಲು) ಕೇಳಿಸಿಕೊಳ್ಳುವವರು ಇಲ್ಲ. ಬಹಳ ಹೊತ್ತು ಕಾದು 'ಟೈಮ್ಡ್ ಔಟ್' ಬಂದರೆ ಫೈರ್‌ವಾಲ್ ಮೇಲೆ ಅನುಮಾನ. 'ನೋ ಪಿಜಿ ಎಚ್‌ಬಿಎ ಕಾನ್ಫ್ ಎಂಟ್ರಿ' (ಯಾರು ಎಲ್ಲಿಂದ ಒಳಗೆ ಬರಬಹುದು ಎಂದು ಬರೆದಿಡುವ ಫೈಲ್ ಈ ಪಿಜಿ ಎಚ್‌ಬಿಎ) ಅಂದರೆ ನೆಟ್‌ವರ್ಕ್ ಚಿಂತೆ ಬಿಡಬಹುದು: ಸರ್ವರ್‌ಗೆ ಮಾತು ತಲುಪಿದೆ, ಅನುಮತಿ ಇಲ್ಲ ಅಷ್ಟೆ. ಯಾವ ಐಪಿ, ಯಾವ ಯೂಸರ್, ಯಾವ ಡೇಟಾಬೇಸ್, ಎನ್‌ಕ್ರಿಪ್ಷನ್ ಇದೆಯೋ ಇಲ್ಲವೋ, ಎಲ್ಲ ಆ ಒಂದೇ ಸಾಲಿನಲ್ಲಿರುತ್ತದೆ. ಒಂದು ಕಚೇರಿಯಲ್ಲಿ 192.168.1 ಸಾಲಿನ ವಿಳಾಸಗಳಿಗೆಲ್ಲ ಅನುಮತಿ ಇದ್ದೂ ಒಬ್ಬರಿಗೆ ಮಾತ್ರ ಆಗುತ್ತಿರಲಿಲ್ಲ. ಸಂದೇಶದಲ್ಲಿ ಕಂಡದ್ದು 10.8.0ರ ವಿಳಾಸ; ಅವರು ವಿಪಿಎನ್ ಮೂಲಕ ಬರುತ್ತಿದ್ದರು. ಇಷ್ಟು ನೇರವಾಗಿ ಮಾತಾಡುವ ಸಾಫ್ಟ್‌ವೇರ್ ನನಗೆ ಹೆಚ್ಚು ಸಿಕ್ಕಿಲ್ಲ.

ತೊಡಕು ಇರುವುದು ಸೆಟ್ಟಿಂಗ್‌ಗಳು ಚದುರಿಕೊಂಡಿರುವುದರಲ್ಲಿ. ಮೂಲ ಸೆಟ್ಟಿಂಗ್‌ನಲ್ಲಿ 'ಲಿಸನ್ ಅಡ್ರೆಸಸ್' (ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳಬೇಕು ಅನ್ನುವುದು) ಲೋಕಲ್‌ಹೋಸ್ಟ್, ಅಂದರೆ ಅದೇ ಮೆಷಿನ್ ಅಷ್ಟೇ, ಪೋರ್ಟ್ 5432. ಹೊರಗಿನವರಿಗೆ ತಾನಾಗಿ ತೆರೆದುಕೊಳ್ಳದಿರುವುದು ಒಳ್ಳೆಯದೇ. ಆದರೆ ಅದನ್ನು ಬದಲಿಸಿದರೆ ರೀಸ್ಟಾರ್ಟ್ ಬೇಕು, ರೀಲೋಡ್ (ಸರ್ವರ್ ನಿಲ್ಲಿಸದೆ ಫೈಲ್ ಮತ್ತೆ ಓದಿಸುವುದು) ಸಾಲದು. ಪಿಜಿ ಎಚ್‌ಬಿಎ ಫೈಲ್‌ಗೆ ಮಾತ್ರ ರೀಲೋಡ್ ಸಾಕು. ಫೈಲ್ ತಿದ್ದಿ, ರೀಲೋಡ್ ಕೊಟ್ಟು, ಇನ್ನೂ ಆಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಎಲ್ಲೆಡೆ ಇದ್ದಾರೆ. ಹಿಂದೆ ಯಾರೋ 'ಆಲ್ಟರ್ ಸಿಸ್ಟಮ್' ಕಮಾಂಡ್‌ನಿಂದ ಸೆಟ್ಟಿಂಗ್ ಬದಲಿಸಿದ್ದರಂತೂ ಇನ್ನೂ ಕಷ್ಟ: ಆ ಮೌಲ್ಯ 'ಆಟೋ ಕಾನ್ಫ್' ಫೈಲ್‌ನಲ್ಲಿ ಕೂತು ನೀವು ತಿದ್ದಿದ ಮುಖ್ಯ ಫೈಲನ್ನು ಮೀರಿಸುತ್ತದೆ. ಯಾವ ಫೈಲ್‌ನ ಮೌಲ್ಯ ನಡೆಯುತ್ತಿದೆ, ರೀಸ್ಟಾರ್ಟ್ ಬಾಕಿ ಇದೆಯೇ ಎಂದು 'ಪಿಜಿ ಸೆಟ್ಟಿಂಗ್ಸ್' ವ್ಯೂ (ಡೇಟಾಬೇಸ್ ಒಳಗೇ ನೋಡಬಹುದಾದ ಪಟ್ಟಿ) ತೋರಿಸುತ್ತದೆ. ಅದನ್ನು ನೋಡದೆ ಫೈಲ್ ಮುಟ್ಟಬೇಡಿ.

ಪಿಜಿ ಎಚ್‌ಬಿಎ ಫೈಲ್‌ನಲ್ಲಿ ಸಾಲುಗಳ ಕ್ರಮವೇ ಎಲ್ಲ. ಮೇಲಿನಿಂದ ಮೊದಲು ಹೊಂದಿದ ಸಾಲೇ ಅಂತಿಮ; ಅಲ್ಲಿ ಪಾಸ್‌ವರ್ಡ್ ತಪ್ಪಿದರೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಮೇಲೆ ರಿಜೆಕ್ಟ್ ಇಟ್ಟುಕೊಂಡು ಕೆಳಗೆ ಎಷ್ಟು ಅನುಮತಿ ಬರೆದರೂ ವ್ಯರ್ಥ. 10ನೇ ಆವೃತ್ತಿಯಲ್ಲಿ ಬಂದ 'ಪಿಜಿ ಎಚ್‌ಬಿಎ ಫೈಲ್ ರೂಲ್ಸ್' ವ್ಯೂ, ರೀಲೋಡ್‌ಗೂ ಮೊದಲೇ ಯಾವ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸುತ್ತದೆ. ನನಗೆ ಅತಿ ಹೆಚ್ಚು ಉಪಕಾರ ಮಾಡಿದ ಸೌಲಭ್ಯ ಇದು.

ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಎರಡು ಆವೃತ್ತಿ ಒಟ್ಟಿಗಿದ್ದರೆ ಎರಡನೆಯದು ಸಾಮಾನ್ಯವಾಗಿ 5433 ಪೋರ್ಟ್‌ನಲ್ಲಿ ಕೂರುತ್ತದೆ. 'ಪಿಜಿ ಎಲ್‌ಎಸ್‌ ಕ್ಲಸ್ಟರ್ಸ್' ಕಮಾಂಡ್ ಒಮ್ಮೆ ಓಡಿಸಿದರೆ ಯಾವುದು ಎಲ್ಲಿದೆ ಎಂದು ಗೊತ್ತಾಗುತ್ತದೆ.

2021ರಲ್ಲಿ ಬಂದ 14ನೇ ಆವೃತ್ತಿಯಿಂದ ಹೊಸದಾಗಿ ಇಡುವ ಪಾಸ್‌ವರ್ಡ್‌ಗಳು ತಾನಾಗಿ ಸ್ಕ್ರ್ಯಾಮ್ ಎಂಬ ಹೆಚ್ಚು ಸುರಕ್ಷಿತ ವಿಧಾನದಲ್ಲಿ ಉಳಿಯುತ್ತವೆ. ಹಳೆಯ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ಭಾಗ) ಇರುವ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಿಗೆ ಇದು ಅರ್ಥವಾಗದೆ, 'ಆಥೆಂಟಿಕೇಶನ್ ಟೈಪ್ 10 ಗೊತ್ತಿಲ್ಲ' ಅನ್ನುತ್ತವೆ. ಪಿಜಿ ಎಚ್‌ಬಿಎಯಲ್ಲಿ ಹಳೆಯ ವಿಧಾನವಾದ ಎಂಡಿ5 ಎಂದು ಬರೆದರೂ ಆಗದು, ಸ್ಕ್ರ್ಯಾಮ್‌ನಲ್ಲಿ ಉಳಿದ ಪಾಸ್‌ವರ್ಡ್‌ಗೆ ಸರ್ವರ್ ಸ್ಕ್ರ್ಯಾಮನ್ನೇ ಕೇಳುತ್ತದೆ. ಡ್ರೈವರ್ ಹೊಸದು ಹಾಕುವುದೇ ಸರಿಯಾದ ದಾರಿ.

ನನಗೆ ನಿಜವಾಗಿ ಸಿಟ್ಟು ಬರುವುದು, ಬೇಗ ಕೆಲಸ ಮುಗಿಸಲು 0.0.0.0/0 ವಿಳಾಸಕ್ಕೆ, ಅಂದರೆ ಎಲ್ಲ ವಿಳಾಸಗಳಿಗೂ, 'ಟ್ರಸ್ಟ್' ಕೊಟ್ಟು ಹೋಗುವವರ ಮೇಲೆ. ಹಾಗೆ ಮಾಡಿದರೆ ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಒಳಗೆ ಬರಬಹುದು. ಒಂದು ಕಚೇರಿಯ ಸರ್ವರ್‌ನಲ್ಲಿ, ಸಾಫ್ಟ್‌ವೇರ್ ಕೊಟ್ಟವರೇ ಈ ಸಾಲು ಬರೆದಿಟ್ಟಿದ್ದರು. ಸಂಬಳದ ಪಟ್ಟಿ ಅದೇ ಡೇಟಾಬೇಸ್‌ನಲ್ಲಿತ್ತು. ಅದನ್ನು ತೆಗೆದು, ಕಚೇರಿಯ ಸಬ್‌ನೆಟ್‌ಗೆ (ಅಲ್ಲಿನ ನೆಟ್‌ವರ್ಕ್ ವಿಳಾಸಗಳಿಗೆ) ಮಾತ್ರ 'ಹೋಸ್ಟ್ ಎಸ್‌ಎಸ್‌ಎಲ್' (ಎನ್‌ಕ್ರಿಪ್ಟ್ ಆದ ಕನೆಕ್ಷನ್ ಮಾತ್ರ) ಸಾಲು ಬರೆದು ಸ್ಕ್ರ್ಯಾಮ್ ಹಾಕಿದೆವು. ಮನೆಯಿಂದ ಕೆಲಸ ಮಾಡುವ ಅಕೌಂಟೆಂಟ್ ಮೇಡಂ ಎಸ್‌ಎಸ್‌ಎಚ್ ಟನೆಲ್ (ಎನ್‌ಕ್ರಿಪ್ಟ್ ಆದ ದಾರಿ) ಮೂಲಕ ಬರುತ್ತಾರೆ, 5432 ಇಂಟರ್‌ನೆಟ್ ಕಡೆ ಮುಚ್ಚಿಯೇ ಇದೆ.