ಪ್ರಾಗ್‌ನಲ್ಲಿ ಅಮ್ಮನ ಜೊತೆ: ಹತ್ತಿ ಹೋಗೋದಾ, ಇಳಿದು ಬರೋದಾ?

ಅಮ್ಮನಿಗೆ 66 ವರ್ಷ. ಮೊಣಕಾಲು ನೋವಿದೆ, ಆದರೆ ನಡೆಯೋದು ಮಾತ್ರ ಬಿಡೋದಿಲ್ಲ. ಮ್ಯೂನಿಕ್‌ನ ನನ್ನ ಮನೆಗೆ ಬಂದಿದ್ದಾಗ ಮೂರು ದಿನ ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗಿದ್ದೆವು. ಆ ಊರಲ್ಲಿ ನೋಡಬೇಕಾದ್ದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಿಗುತ್ತದೆ. ಹಿಂದೆ ಇಲ್ಲಿದ್ದ ಬೊಹೆಮಿಯಾ ರಾಜ್ಯದ ರಾಜರ ಪಟ್ಟಾಭಿಷೇಕದ ಮೆರವಣಿಗೆ ಹೋಗುತ್ತಿದ್ದ ದಾರಿ ಅದು. ಪೌಡರ್ ಟವರ್ ಅನ್ನೋ ಹಳೇ ಗೋಪುರದಿಂದ ಶುರುವಾಗಿ ಹಳೇ ಪೇಟೆಯ ಚೌಕ, ಚಾರ್ಲ್ಸ್ ಸೇತುವೆ, ನೆರುದೋವಾ ರಸ್ತೆ ದಾಟಿ ಗುಡ್ಡದ ಮೇಲಿನ ಕೋಟೆಗೆ ಮುಟ್ಟುತ್ತದೆ. ಕೊನೇ ಪಟ್ಟಾಭಿಷೇಕ ನಡೆದದ್ದು 1836ರಲ್ಲಿ. ಇದೇ ದಾರಿಯನ್ನು ನಾವು ಮೂರು ದಿನ, ಮೂರು ಥರ ನಡೆದು ನೋಡಿದೆವು.

ಮೊದಲ ದಿನ ಗೈಡ್ ಜೊತೆ. 'ಫ್ರೀ' ಅಂತ ಕರೆಯುವ ನಡಿಗೆ. ಫ್ರೀ ಏನಲ್ಲ, ಕೊನೆಗೆ ಟೋಪಿ ಮುಂದೆ ಬರುತ್ತದೆ, ಕೈ ಜೇಬಿಗೆ ಹೋಗಲೇಬೇಕು. ಮೂವತ್ತು ಜನರ ಗುಂಪು, ಮುಂದೆ ಹಳದಿ ಕೊಡೆ ಹಿಡಿದ ಹುಡುಗ. ಅವನ ವೇಗಕ್ಕೆ ಅಮ್ಮ ಯಾವಾಗಲೂ ಹಿಂದೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಕಥೆ ಅರ್ಧ ಮುಗಿದಿರುತ್ತಿತ್ತು. ಆದರೂ ಒಂದು ಜಾಗಕ್ಕೆ ಅವನಿಗೆ ಪೂರ್ತಿ ಅಂಕ. ಹಳೇ ಟೌನ್ ಹಾಲ್ ಪಕ್ಕ ನಿಲ್ಲಿಸಿ "ಕಾಲ ಕೆಳಗೆ ನೋಡಿ" ಅಂದ. ನೆಲದ ಕಲ್ಲಿನಲ್ಲಿ ಬಿಳಿ ಶಿಲುಬೆಗಳು, ಒಟ್ಟು 27. ಹ್ಯಾಬ್ಸ್‌ಬರ್ಗ್ ಮನೆತನದ ರಾಜನ ವಿರುದ್ಧ ದಂಗೆ ಎದ್ದ 27 ಮುಖಂಡರನ್ನು 1621ರಲ್ಲಿ ಆ ಚೌಕದಲ್ಲೇ ಕೊಂದರಂತೆ. ಅಮ್ಮ ಒಂದು ಶಿಲುಬೆಯ ಮೇಲೇ ನಿಂತಿದ್ದಳು. ತಟಕ್ಕನೆ ಕಾಲು ತೆಗೆದು ಪಕ್ಕಕ್ಕೆ ಸರಿದಳು. ನಾವಿಬ್ಬರೇ ಹೋಗಿದ್ದರೆ ಸುಮ್ನೆ ತುಳಿದುಕೊಂಡು ಹೋಗುತ್ತಿದ್ದೆವು.

ಅಲ್ಲೇ ಆ ಖಗೋಳ ಗಡಿಯಾರ. 1410ರದ್ದು. ಗಂಟೆ ಹೊಡೆಯುವಾಗ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕಿಟಕಿಯಲ್ಲಿ ಹನ್ನೆರಡು ಸಂತರು ಒಬ್ಬೊಬ್ಬರಾಗಿ ದಾಟುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಅಮ್ಮನ ತೀರ್ಪು: "ಇಷ್ಟಕ್ಕೇನಾ ಇಷ್ಟು ಜನ?" ಸೇತುವೆಯ ಕಥೆ ಮಾತ್ರ ಅವಳಿಗೆ ತುಂಬಾ ಹಿಡಿಸಿತು. ಬೊಹೆಮಿಯಾದ ರಾಜ ನಾಲ್ಕನೇ ಚಾರ್ಲ್ಸ್ ಅದಕ್ಕೆ ಅಡಿಗಲ್ಲು ಹಾಕಿದ್ದು 1357ರಲ್ಲಿ, 9ನೇ ತಾರೀಕು, ಏಳನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಹೇಳುತ್ತಾರೆ. ಸಾಲಾಗಿ ಬರೆದರೆ 1-3-5-7-9-7-5-3-1. "ನೋಡ್ದ್ಯಾ, ಇವರೂ ಮುಹೂರ್ತ ನೋಡ್ತಿದ್ರು" ಅಂತ ನನ್ನ ಕಡೆ ತಿರುಗಿದಳು. ನಾನು ಫ್ಲಾಟಿಗೆ ಹಾಗೇ ಸೂಟ್‌ಕೇಸ್ ಎಳೆದುಕೊಂಡು ಒಳಗೆ ಹೋದವನು. ಸುಮ್ಮನಾದೆ.

ಎರಡನೇ ದಿನ ನಾವಿಬ್ಬರೇ, ಫೋನಿನಲ್ಲಿ ಆಡಿಯೋ ಗೈಡ್. ಇದು ಇಪ್ಪತ್ತು ನಿಮಿಷಕ್ಕೇ ಕೈಕೊಟ್ಟಿತು. ಇಬ್ಬರ ಕಿವಿಯಲ್ಲೂ ಇಯರ್‌ಫೋನ್ ಇದ್ದರೆ ಮಾತಾಡೋದು ಹೇಗೆ? ತೆಗೆದು ಚೀಲಕ್ಕೆ ಹಾಕಿ, ರಾಜರ ಹಾಗೆ ಕೆಳಗಿನಿಂದ ಮೇಲಕ್ಕೆ ಹೊರಟೆವು. ಹನ್ನೊಂದು ಗಂಟೆಗೆ ಸೇತುವೆಯ ಮೇಲೆ ನಮ್ಮ ದಸರಾ ಜನ. ಇಕ್ಕೆಲದಲ್ಲಿ ಮೂವತ್ತು ಪ್ರತಿಮೆ ಗುಂಪುಗಳಿವೆ ಅಂತಾರೆ, ನನಗೆ ಕಂಡದ್ದು ಬರೀ ಸೆಲ್ಫಿ ಕಡ್ಡಿ.

ನೆರುದೋವಾ ಏರು ಶುರುವಾದ ಮೇಲೆ ಅಮ್ಮ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅದರಿಂದಲೇ ಲಾಭ ಆಯಿತು. ನಿಂತಲ್ಲೆಲ್ಲ ಬಾಗಿಲ ಮೇಲೆ ಒಂದೊಂದು ಚಿತ್ರ. ಒಂದು ಮನೆಗೆ ಮೂರು ಪಿಟೀಲು, ಇನ್ನೊಂದಕ್ಕೆ ಎರಡು ಸೂರ್ಯ. 1770ರಲ್ಲಿ ಮನೆ ನಂಬರ್ ಬರುವ ತನಕ ಇವೇ ವಿಳಾಸ. ಪಿಟೀಲಿನ ಮನೆಯಲ್ಲಿ ಪಿಟೀಲು ಮಾಡುವವರು ಇದ್ದರು. ಎರಡು ಸೂರ್ಯನ ಮನೆಯಲ್ಲಿ ಲೇಖಕ ಯಾನ್ ನೆರುದಾ ಇದ್ದರು, ರಸ್ತೆಗೆ ಅವರದೇ ಹೆಸರು. "ಊರಲ್ಲೂ ಹಾಗೇ ಅಲ್ವಾ, ಬೇವಿನಮರದ ಮನೆ, ಗಡಿಯಾರದ ಮನೆ" ಅಂದಳು ಅಮ್ಮ. ದಮ್ಮಿಲ್ಲದೆ ಹತ್ತುವವರಿಗೇ ಈ ರಸ್ತೆ ಚೆನ್ನಾಗಿ ಕಾಣುತ್ತದೆ ಅನಿಸುತ್ತದೆ. ಆದರೆ ಮೇಲೆ ಮುಟ್ಟಿದಾಗ ಸುಸ್ತು. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಸೇಂಟ್ ವೀಟಸ್ ಚರ್ಚಿನ ಮುಂದೆ ಉದ್ದ ಸಾಲು. ಹೊರಗಿನಿಂದಲೇ ನೋಡಿ ವಾಪಸ್.

ಮೂರನೇ ದಿನ ಉಲ್ಟಾ. ಬೆಳಿಗ್ಗೆ ಏಳಕ್ಕೆ 22ನೇ ನಂಬರ್ ಟ್ರಾಮ್ ಹತ್ತಿ ಗುಡ್ಡದ ಮೇಲಿನ ಪೊಹೊರ್ಜೆಲೆತ್ಸ್ ನಿಲ್ದಾಣದಲ್ಲಿ ಇಳಿದೆವು. ಟಿಕೆಟ್ ಕೈಯಲ್ಲಿದ್ದರೆ ಸಾಲದು, ಟ್ರಾಮ್ ಒಳಗಿನ ಹಳದಿ ಡಬ್ಬಿಯಲ್ಲಿ ಮುದ್ರೆ ಒತ್ತಿಸಬೇಕು. ಕೋಟೆಯ ಅಂಗಳ ಆರಕ್ಕೇ ತೆರೆಯುತ್ತದೆ, ನಮ್ಮ ಹೆಜ್ಜೆ ಸದ್ದು ನಮಗೇ ಕೇಳುತ್ತಿತ್ತು. ಚರ್ಚ್ ಒಳಗೆ ಹೋಗಬೇಕಾದರೆ ಒಂಬತ್ತರ ತನಕ ಕಾಯಬೇಕು. ನಾವು ಕಾಯಲಿಲ್ಲ.

ಸೇತುವೆಗೆ ಬಂದಾಗ ಎಂಟೂಕಾಲು. ಒಬ್ಬ ಓಡುತ್ತಿದ್ದ, ಇಬ್ಬರು ಫೋಟೋ ತೆಗೆಯುತ್ತಿದ್ದರು, ಅಷ್ಟೇ. 516 ಮೀಟರ್ ಉದ್ದದ ಸೇತುವೆ ನಮ್ಮದೇ. 1393ರಲ್ಲಿ ನದಿಗೆ ಎಸೆಯಲ್ಪಟ್ಟ ಪಾದ್ರಿ ಯಾನ್ ನೆಪೋಮುಕ್ ಪ್ರತಿಮೆಯ ಕೆಳಗೆ ಎರಡು ಲೋಹದ ಫಲಕಗಳಿವೆ. ಎಲ್ಲಾ ಕಪ್ಪು, ಜನ ಮುಟ್ಟುವ ಜಾಗ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ ಫಳಫಳ. ಒಂದರಲ್ಲಿ ಪಾದ್ರಿ, ಇನ್ನೊಂದರಲ್ಲಿ ನಾಯಿ. ಅಮ್ಮ ಎರಡನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಹಾಗಾದರೆ ಇಳಿಯೋದೇ ಗೆದ್ದಿತಾ? ಪೂರ್ತಿ ಅಲ್ಲ. ಹತ್ತುವಾಗ ಹೋದದ್ದು ಉಸಿರು, ಇಳಿಯುವಾಗ ಕೈಕೊಟ್ಟದ್ದು ಮೊಣಕಾಲು. ಇಬ್ಬನಿಗೆ ಕಲ್ಲುಹಾಸು ಜಾರುತ್ತಿತ್ತು, ಅಮ್ಮನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಎರಡು ಸೂರ್ಯನ ಮನೆ ದಾಟಿದ್ದೇ ಗೊತ್ತಾಗಲಿಲ್ಲ. ಆ ರಾತ್ರಿ ಅಮೃತಾಂಜನ ಜಾಸ್ತಿ ಖರ್ಚಾಯಿತು.

ಮತ್ತೆ ಹೋದರೆ ಹೀಗೆ ಮಾಡುತ್ತೇನೆ. ಕೋಟೆ ಮತ್ತು ಸೇತುವೆಗೆ ಬೆಳಿಗ್ಗೆ ಟ್ರಾಮ್, ಆಮೇಲೆ ನಿಧಾನಕ್ಕೆ ಇಳಿಯೋದು. ನೆರುದೋವಾ ಮಾತ್ರ ಇನ್ನೊಂದು ದಿನ, ಅರ್ಧದ ತನಕ ಹತ್ತಿ ವಾಪಸ್. ಹಳೇ ಪೇಟೆಗೆ ಗೈಡ್ ಇರಲಿ, ಅಲ್ಲಿ ಏರಿಲ್ಲ. ಗುಂಪು ಮಾತ್ರ ಹತ್ತು ಜನಕ್ಕಿಂತ ಜಾಸ್ತಿ ಬೇಡ. ಅಮ್ಮ ಸೇರಿಸಿದ ಮಾತು ಇನ್ನೊಂದು: ಚಿಲ್ಲರೆ ಇಟ್ಟುಕೊಳ್ಳಿ, ಅಲ್ಲಿ ಟಾಯ್ಲೆಟ್ಟಿಗೂ ದುಡ್ಡು.