ಯುಕೆ ಟಿವಿ ಲೈಸೆನ್ಸ್: ಕಟ್ಟಬೇಕಾ, ಬೇಡವಾ? ನಾಟಿಂಗ್‌ಹ್ಯಾಮ್‌ನಿಂದ ಒಂದು ರಿವ್ಯೂ

ನಾನು ಹಾಸನದವಳು, ನಾಟಿಂಗ್‌ಹ್ಯಾಮ್‌ನಲ್ಲಿ ನರ್ಸ್. ಊರಿಂದ ಹೊಸದಾಗಿ ಬಂದ ಹುಡುಗಿಯರು ಮನೆ ಸಿಕ್ಕಿದ ಮೇಲೆ ನನ್ನನ್ನು ಕೇಳುವ ಮೊದಲ ಪ್ರಶ್ನೆ ಗ್ಯಾಸ್ ಬಿಲ್ಲಿನದ್ದಲ್ಲ, ಕೌನ್ಸಿಲ್ ಟ್ಯಾಕ್ಸಿನದ್ದೂ ಅಲ್ಲ. "ಅಕ್ಕಾ, ಟಿವಿ ಲೈಸೆನ್ಸ್ ಅಂತ ಲೆಟರ್ ಬಂದಿದೆ, ಸಾವಿರ ಪೌಂಡ್ ದಂಡ ಅಂತೆ, ಏನಿದು?" ಟಿವಿ ನೋಡುವುದಕ್ಕೆ ಇಲ್ಲಿ ವರ್ಷವರ್ಷ ಕಟ್ಟುವ ಶುಲ್ಕ ಇದು, ಬಿಬಿಸಿ ನಡೆಯುವುದು ಮುಖ್ಯವಾಗಿ ಈ ದುಡ್ಡಲ್ಲೇ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ದುಡ್ಡು ಕೊಟ್ಟು ಬಳಸುವ ಸೇವೆ ತಾನೇ, ರಿವ್ಯೂ ಮಾಡಿದರೆ ತಪ್ಪೇನು?

ಮೊದಲು ಭಯ ಬಿಡಿ. ಮನೆಯಲ್ಲಿ ಟಿವಿ ಇದ್ದ ಮಾತ್ರಕ್ಕೆ ಲೈಸೆನ್ಸ್ ಬೇಕಾಗಿಲ್ಲ. ಟಿವಿ ಇಲ್ಲ ಅಂದ ಮಾತ್ರಕ್ಕೆ ಬೇಡ ಅಂತಲೂ ಅಲ್ಲ. ನೋಡಬೇಕಾದ್ದು ಎರಡೇ. ಒಂದು, ಯಾವುದಾದರೂ ಚಾನೆಲ್ಲಿನ ಕಾರ್ಯಕ್ರಮವನ್ನು ಅದು ಪ್ರಸಾರ ಆಗುತ್ತಿರುವಾಗಲೇ ನೋಡುತ್ತೀರಾ ಅಥವಾ ರೆಕಾರ್ಡ್ ಮಾಡುತ್ತೀರಾ? ಎರಡು, ಬಿಬಿಸಿಯ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಅವರದ್ದೇ ಆ್ಯಪ್ ಐಪ್ಲೇಯರ್ ಬಳಸುತ್ತೀರಾ? ಯಾವುದಕ್ಕಾದರೂ ಹೌದು ಅಂದರೆ ಲೈಸೆನ್ಸ್ ಬೇಕು, ಫೋನಿನಲ್ಲಿ ನೋಡಿದರೂ ಸರಿಯೇ. ಐಪ್ಲೇಯರ್‌ನಲ್ಲಿ ಹಳೇ ಎಪಿಸೋಡ್ ನೋಡಿದರೂ ಬೇಕು. 2016ರ ಸೆಪ್ಟೆಂಬರ್‌ಗೆ ಮುಂಚೆ ಅದಕ್ಕೆ ಬೇಕಿರಲಿಲ್ಲ, ಆಮೇಲೆ ಕಾನೂನು ಬದಲಾಯಿತು. ಇಲ್ಲಿನ ಬೇರೆ ಚಾನೆಲ್‌ಗಳ ಆ್ಯಪ್‌ಗಳಾದ ಐಟಿವಿಎಕ್ಸ್, ಚಾನೆಲ್ ಫೋರ್‌ನ ಹಳೇ ಎಪಿಸೋಡ್‌ಗಳಿಗೆ, ನೆಟ್‌ಫ್ಲಿಕ್ಸ್ ಸಿನಿಮಾಗಳಿಗೆ, ಸಾಮಾನ್ಯ ಯೂಟ್ಯೂಬ್ ವಿಡಿಯೋಗಳಿಗೆ ಬೇಡ. ರೇಡಿಯೋಗೂ ಬೇಡ, ಅದನ್ನು 1971ರಲ್ಲೇ ಕೈಬಿಟ್ಟರು.

ನಮ್ಮವರು ಎಡವುವುದು ಮೊದಲನೇದರಲ್ಲಿ. "ನಾವು ಬಿಬಿಸಿ ನೋಡೋದೇ ಇಲ್ಲ, ಬರೀ ಕನ್ನಡ" ಅಂತ ಎಷ್ಟೋ ಜನ ಹೇಳುತ್ತಾರೆ. ಚಾನೆಲ್ ಯಾವ ದೇಶದ್ದು, ಯಾವ ಭಾಷೆಯದ್ದು ಅನ್ನೋದು ಲೆಕ್ಕಕ್ಕೇ ಬರಲ್ಲ. ಊರಿಂದ ಬಂದ ಅತ್ತೆ ಮಧ್ಯಾಹ್ನ ಹಾಲ್‌ನಲ್ಲಿ ಕೂತು ಕನ್ನಡ ಧಾರಾವಾಹಿಯನ್ನು ಚಾನೆಲ್‌ನಲ್ಲೇ, ಅದು ಬರುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ಅದೇ ಎಪಿಸೋಡನ್ನು ರಾತ್ರಿ ಆ್ಯಪ್‌ನಲ್ಲಿ ಹಾಕಿಕೊಂಡು ನೋಡಿದರೆ ಬೇಡ. ಕನ್ನಡ ನ್ಯೂಸ್ ಚಾನೆಲ್ಲಿನ ಪ್ರಸಾರವೇ ಯೂಟ್ಯೂಬ್‌ನಲ್ಲಿ ಲೈವ್ ಓಡುತ್ತಿದ್ದರೆ ಬೇಕು. ಕ್ರಿಕೆಟ್ ಕೂಡ ಹಾಗೇ. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಐಪಿಎಲ್ ಕಪ್ ಎತ್ತಿತಲ್ಲ, ಆ ಫೈನಲ್ಲನ್ನು ಇಲ್ಲಿ ಲೈವ್ ನೋಡಿದವರಿಗೆಲ್ಲ ಲೈಸೆನ್ಸ್ ಬೇಕಿತ್ತು. ಮಾರನೇ ದಿನ ಹೈಲೈಟ್ಸ್ ನೋಡಿದವರಿಗೆ ಬೇಡ. ಹದಿನೆಂಟು ಸೀಸನ್ ಕಾದವರು ಹೈಲೈಟ್ಸ್‌ಗೆ ಕಾಯುತ್ತಾರಾ, ಅದು ಬೇರೆ ಮಾತು. ನಾನು ಲೈಸೆನ್ಸ್ ತಗೊಂಡಿರುವುದೇ ಈ ಕ್ರಿಕೆಟ್ಟಿನ ಕಾಟಕ್ಕೆ.

ಇನ್ನು ರೇಟು. 2025ರ ಏಪ್ರಿಲ್ 1ರಿಂದ ಶುರುವಾದ ವರ್ಷದಲ್ಲಿ ಕಲರ್ ಟಿವಿಗೆ 174.50 ಪೌಂಡ್ ಇತ್ತು. ಅದರ ಹಿಂದಿನ ವರ್ಷ 169.50 ಇತ್ತು. ಬ್ಲ್ಯಾಕ್ ಅಂಡ್ ವೈಟ್ ಟಿವಿಗೆ ಬೇರೆ ರೇಟು, 2025ರಲ್ಲಿ 58.50 ಇತ್ತು. ನಗಬೇಡಿ, ಅದನ್ನೂ ಕಟ್ಟುವವರು ಈಗಲೂ ಇದ್ದಾರೆ. ಕಣ್ಣು ಕಾಣದವರಿಗೆ ಅರ್ಧ ದುಡ್ಡು. 75 ದಾಟಿದವರಿಗೆ ಫ್ರೀ ಅನ್ನೋದು ಹಳೇ ಕಥೆ. 2020ರ ಆಗಸ್ಟ್‌ನಿಂದ ಅವರಲ್ಲಿ ಪೆನ್ಷನ್ ಕ್ರೆಡಿಟ್ (ಆದಾಯ ಕಮ್ಮಿ ಇರುವ ವಯಸ್ಸಾದವರಿಗೆ ಸರ್ಕಾರ ಕೊಡುವ ಸಹಾಯಧನ) ಸಿಗುವವರಿಗೆ ಮಾತ್ರ ಫ್ರೀ.

ಕಟ್ಟುವ ವ್ಯವಸ್ಥೆಗೆ ನನ್ನ ಕಡೆಯಿಂದ ಒಳ್ಳೇ ಮಾರ್ಕ್ಸ್. ಟಿವಿ ಲೈಸೆನ್ಸಿಂಗ್‌ನವರ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿ, ಬ್ಯಾಂಕ್ ವಿವರ ಕೊಟ್ಟರೆ ಚಹಾ ಆರುವುದರೊಳಗೆ ಕೆಲಸ ಮುಗಿಯುತ್ತದೆ. ಬ್ಯಾಂಕಿನ ರಗಳೆ ಬೇಡ ಅನ್ನುವವರು ಅವರೇ ಕೊಡುವ ಪೇಮೆಂಟ್ ಕಾರ್ಡ್ ತಗೊಂಡು, ಪೇಪಾಯಿಂಟ್ ಬೋರ್ಡ್ ಇರುವ ಮೂಲೆ ಅಂಗಡಿಯಲ್ಲಿ ವಾರವಾರ ಸ್ವಲ್ಪ ಸ್ವಲ್ಪ ಕಟ್ಟಬಹುದು. ಆದರೆ ತಿಂಗಳ ಡೈರೆಕ್ಟ್ ಡೆಬಿಟ್‌ನಲ್ಲಿ, ಅಂದರೆ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಕಂತಿನಲ್ಲಿ, ಒಂದು ವಿಷಯ ಮೊದಲೇ ಗೊತ್ತಿರಲಿ. ಮೊದಲ ಲೈಸೆನ್ಸಿನ ಪೂರ್ತಿ ದುಡ್ಡನ್ನು ಆರೇ ತಿಂಗಳಲ್ಲಿ ತಗೊಳ್ಳುತ್ತಾರೆ. ಅಂದರೆ 2025ರ ರೇಟಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 29 ಪೌಂಡ್. ಆಮೇಲೆ ಅದು ಅರ್ಧಕ್ಕಿಳಿದು ಹದಿನಾಲ್ಕೂವರೆ ಆಗುತ್ತದೆ, ಆದರೆ ಅದು ಮುಂದಿನ ವರ್ಷದ್ದಕ್ಕೆ ಮುಂಗಡ. ಹೊಸದಾಗಿ ಬಂದವರಿಗೆ ಮನೆ ಡೆಪಾಸಿಟ್, ಸ್ವೆಟರು, ಬಸ್ ಪಾಸು ಅಂತ ಜೇಬು ಖಾಲಿಯಾಗಿರುವ ಹೊತ್ತಲ್ಲೇ ಈ ಡಬಲ್ ಕಂತು. ಇದು ನನಗೆ ಇಷ್ಟವಾಗಲಿಲ್ಲ. ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಪ್ರತಿ ಸಲ 1.25 ಪೌಂಡ್ ಜಾಸ್ತಿ. ಕೈಯಲ್ಲಿದ್ದರೆ ವರ್ಷದ್ದು ಒಟ್ಟಿಗೇ ಕಟ್ಟಿ.

ರೂಮ್ ಹಂಚಿಕೊಂಡು ಇರುವವರು ಸ್ವಲ್ಪ ಗಮನವಿಟ್ಟು ಓದಿ. ನಮ್ಮ ಮನೆ ತೋರಿಸಿದ ಏಜೆಂಟ್ "ಒಂದು ಮನೆಗೆ ಒಂದೇ ಲೈಸೆನ್ಸ್, ತಲೆಕೆಡಿಸ್ಕೋಬೇಡಿ" ಅಂದಿದ್ದ. ಎಲ್ಲರ ಹೆಸರೂ ಒಂದೇ ಬಾಡಿಗೆ ಪತ್ರದಲ್ಲಿದ್ದರೆ ಸಾಮಾನ್ಯವಾಗಿ ಆ ಮಾತು ನಿಜ. ಆದರೆ ನಮ್ಮಲ್ಲಿ ಒಬ್ಬೊಬ್ಬರಿಗೂ ರೂಮಿಗೆ ಬೇರೆ ಬೇರೆ ಅಗ್ರಿಮೆಂಟ್. ಹಾಗಿದ್ದಾಗ ತನ್ನ ರೂಮಿನಲ್ಲಿ ಲೈವ್ ನೋಡುವವಳಿಗೆ ಬಹುಪಾಲು ತನ್ನದೇ ಲೈಸೆನ್ಸ್ ಬೇಕಾಗುತ್ತದೆ. ಏಜೆಂಟ್ ಮಾತು ಬಿಟ್ಟು ಅಗ್ರಿಮೆಂಟ್ ತೆಗೆದು ನೋಡಿ.

ನನಗೆ ತುಂಬಾ ಮಜಾ ಅನ್ನಿಸಿದ್ದು ಬ್ಯಾಟರಿ ನಿಯಮ. ಮನೆಗೆ ಲೈಸೆನ್ಸ್ ಇದ್ದರೆ ಹೊರಗಡೆಯೂ ಫೋನಿನಲ್ಲಿ ಲೈವ್ ನೋಡಬಹುದು. ಆದರೆ ಅದು ತನ್ನ ಬ್ಯಾಟರಿಯಲ್ಲೇ ಓಡುತ್ತಿರಬೇಕು. ಡ್ಯೂಟಿ ಬ್ರೇಕ್‌ನಲ್ಲಿ ಕೊಹ್ಲಿ ಬ್ಯಾಟಿಂಗ್ ನೋಡುತ್ತಾ ಚಾರ್ಜರ್ ಚುಚ್ಚಿದಿರಿ ಅನ್ನಿ, ಆಗ ನಿಮ್ಮ ಮನೆ ಲೈಸೆನ್ಸ್ ಅಲ್ಲಿಗೆ ನಡೆಯಲ್ಲ, ಆ ಜಾಗಕ್ಕೇ ಲೈಸೆನ್ಸ್ ಇರಬೇಕು. ಹಾಸ್ಟೆಲ್‌ನಲ್ಲಿರುವ, ಇಲ್ಲೇ ಇರುವ ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇರುವ ವಿದ್ಯಾರ್ಥಿಗಳಿಗೂ ಇದೇ ಕಥೆ. ಇಂಥ ನಿಯಮ ಬರೆದವರ ತಲೆಗೆ ಒಂದು ನಮಸ್ಕಾರ.

ಲೈಸೆನ್ಸ್ ಬೇಡದವರು ಸುಮ್ನೆ ಕೂರುವ ಬದಲು ವೆಬ್‌ಸೈಟ್‌ನಲ್ಲೇ "ನಮಗೆ ಬೇಕಾಗಿಲ್ಲ" ಅಂತ ತಿಳಿಸಿಬಿಡಿ. ಪತ್ರಗಳು ಕಮ್ಮಿಯಾಗುತ್ತವೆ. ಪರೀಕ್ಷೆಗೆ ಮನೆಗೆ ಯಾರಾದರೂ ಬಂದರೂ ಬರಬಹುದು. ಕೋರ್ಟಿನ ವಾರಂಟ್ ಇಲ್ಲದಿದ್ದರೆ ಅವರನ್ನು ಒಳಗೆ ಬಿಡಲೇಬೇಕು ಅಂತೇನಿಲ್ಲ. ಹಾಗಂತ ಕದ್ದು ನೋಡಬೇಡಿ, ದಂಡ ಸಾವಿರ ಪೌಂಡ್‌ವರೆಗೂ ಹೋಗುತ್ತದೆ, ಕೋರ್ಟ್ ಖರ್ಚು ಬೇರೆ. ವೀಸಾದಲ್ಲಿ ಇರುವ ನಮಗೆ ಕೋರ್ಟ್ ಅನ್ನೋ ಪದವೇ ಬೇಡ, ಅಲ್ವಾ? "ಪೇಮೆಂಟ್ ಫೇಲ್ ಆಗಿದೆ" ಅಂತ ಬರುವ ಕಳ್ಳ ಇಮೇಲ್‌ಗಳೂ ತುಂಬಾ ಇವೆ. ಅದರಲ್ಲಿರುವ ಲಿಂಕ್ ಒತ್ತಬೇಡಿ, ನೀವೇ ವೆಬ್‌ಸೈಟ್‌ಗೆ ಹೋಗಿ ನೋಡಿ.

ದುಡ್ಡಿಗೆ ತಕ್ಕ ಬೆಲೆ ಇದೆಯಾ? ಮಕ್ಕಳಿರುವ ಮನೆಗೆ ಇದೆ. ಜಾಹೀರಾತಿನ ಕಾಟವಿಲ್ಲದ ಮಕ್ಕಳ ಚಾನೆಲ್, ಪ್ರಾಣಿಪಕ್ಷಿಗಳ ಸಾಕ್ಷ್ಯಚಿತ್ರ, ಐಪ್ಲೇಯರ್ ತುಂಬಾ ಸರಕು. ನನ್ನ ಒಂದೇ ಹೊಟ್ಟೆಯುರಿ ಏನಂದರೆ, ಬಿಬಿಸಿಗೆ ತಮಿಳು, ತೆಲುಗು, ಮರಾಠಿ, ಗುಜರಾತಿಯಲ್ಲಿ ಸುದ್ದಿ ಇದೆ, ಕನ್ನಡದಲ್ಲಿ ಇಲ್ಲ. ಒಬ್ಬರೇ ಇದ್ದು, ರಾತ್ರಿ ಪಾಳಿ ಮಾಡಿ, ಮಲಗುವ ಮುಂಚೆ ಒಂದು ಸಿನಿಮಾ ನೋಡುವವರಿಗೆ ಇದು ಸುಮ್ಸುಮ್ನೆ ಖರ್ಚು, ತಗೋಬೇಡಿ. ಒಟ್ಟು ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಆ ಡಬಲ್ ಕಂತಿಗೆ ಕಡಿತ, ಒಂದು ಆ ಬ್ಯಾಟರಿಗೆ.

ಮನೆ ಬದಲಿಸಿದರೆ ಲೈಸೆನ್ಸ್ ತಾನಾಗಿ ಹಿಂದೆ ಬರಲ್ಲ, ವಿಳಾಸ ಬದಲಿಸಬೇಕು. ಕೆಲಸ ಬಿಟ್ಟು ಊರಿಗೇ ಹೊರಟಿದ್ದರೆ ಕ್ಯಾನ್ಸಲ್ ಮಾಡಿ, ಬಾಕಿ ಇರುವ ಪೂರ್ತಿ ತಿಂಗಳುಗಳ ದುಡ್ಡು ವಾಪಸ್ ಕೇಳಿ. ಇಲ್ಲಿನ ಬ್ಯಾಂಕ್ ಅಕೌಂಟ್ ಮುಚ್ಚುವ ಮುಂಚೆಯೇ ಕೇಳಿ.