ಬಿಲ್ಲಿಟ್ಟರೆ ದುಡ್ಡು, ಪಾರ್ಟಿ ಒಪ್ಪಿದರೆ ಮಾತ್ರ: ಟ್ರೆಡ್ಸ್ ಸೇವೆ ಹೇಗಿದೆ?

ಪೀಣ್ಯದ ಮಷೀನ್ ಶಾಪಾಗಲಿ, ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿಯಾಗಲಿ, ಆರ್ಡರ್ ಹಿಡಿಯುವುದಕ್ಕಿಂತ ವಸೂಲಿಯೇ ಕಷ್ಟ. ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸೇರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ನಾಳೆ ಆರ್ಡರ್ ಕೊಡಬೇಕಾದವನಿಗೆ ಇವತ್ತು ಬಡ್ಡಿ ನೋಟಿಸ್ ಕಳಿಸುವವರು ಎಷ್ಟು ಜನ? ಬಾಕಿ ಬಿಲ್ಲನ್ನು ಆನ್‌ಲೈನಿನಲ್ಲಿ ಮಾರಿ ಗಡುವಿಗೆ ಮೊದಲೇ ದುಡ್ಡು ಪಡೆಯುವ ಟ್ರೆಡ್ಸ್ (TReDS) ವ್ಯವಸ್ಥೆ ಹುಟ್ಟಿದ್ದೇ ಈ ಇಕ್ಕಟ್ಟಿಗೆ. ರಿಸರ್ವ್ ಬ್ಯಾಂಕ್ 2014ರಲ್ಲಿ ನಿಯಮ ರೂಪಿಸಿತು. 2017ರಲ್ಲಿ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ಟ್ರೆಡ್ಸ್ ಪ್ಲಾಟ್‌ಫಾರಂಗಳು ಒಂದರ ಹಿಂದೊಂದು ಶುರುವಾದವು.

ವ್ಯವಹಾರ ಸರಳ. ಮಾಲು ಕೊಟ್ಟವರ ಬಿಲ್ಲನ್ನು ಆನ್‌ಲೈನಿನಲ್ಲಿ ಏರಿಸುವುದು, ಖರೀದಿದಾರ ಕಂಪನಿ ಅದನ್ನು ಒಪ್ಪುವುದು, ಬ್ಯಾಂಕುಗಳು ಮತ್ತು (ಬಾಕಿ ಬಿಲ್ಲು ಕೊಳ್ಳುವ) ಫ್ಯಾಕ್ಟರಿಂಗ್ ಕಂಪನಿಗಳು ಅದರ ಮೇಲೆ ಬಡ್ಡಿದರದ ಬಿಡ್ ಹಾಕುವುದು. ಕಡಿಮೆ ದರ ಒಪ್ಪಿದರೆ ಒಂದೆರಡು ಕೆಲಸದ ದಿನದಲ್ಲಿ ದುಡ್ಡು ಖಾತೆಗೆ. ಗಡುವಿನ ದಿನ ಖರೀದಿದಾರರ ಖಾತೆಯಿಂದ ಹಣ ತಾನಾಗಿ ಕಡಿತವಾಗುತ್ತದೆ. ಅವರು ಕಟ್ಟದಿದ್ದರೂ ಬ್ಯಾಂಕು ನಿಮ್ಮ ಬಾಗಿಲಿಗೆ ಬರುವಂತಿಲ್ಲ. ಸಾಮಾನ್ಯ ಬಿಲ್ ಡಿಸ್ಕೌಂಟಿಂಗ್‌ನಲ್ಲಿ ಪಾರ್ಟಿ ಕೈಕೊಟ್ಟರೆ ಬ್ಯಾಂಕು ಮತ್ತೆ ನಿಮ್ಮನ್ನೇ ಹಿಡಿಯುತ್ತದಲ್ಲ, ಆ ಕಾಟ ಇಲ್ಲಿಲ್ಲ. ಅಡಮಾನವೂ ಬೇಡ.

ದರದಲ್ಲೂ ಟ್ರೆಡ್ಸ್ ಗೆಲ್ಲುತ್ತದೆ, ಏಕೆಂದರೆ ಬಿಡ್ ಹಾಕುವವರು ನೋಡುವುದು ನಿಮ್ಮ ಬ್ಯಾಲೆನ್ಸ್ ಶೀಟನ್ನಲ್ಲ, ಖರೀದಿದಾರರ ಕ್ರೆಡಿಟ್ ರೇಟಿಂಗನ್ನು. ಒಂದು ಲೆಕ್ಕ: ತಲಾ 2,000 ರೂಪಾಯಿಯ 500 ಫ್ಲ್ಯಾಂಜ್, 18% ಜಿಎಸ್‌ಟಿ ಸೇರಿ ಬಿಲ್ಲು 11,80,000 ರೂ. ಗೋದಾಮಿನಲ್ಲಿ 12 ರಿಜೆಕ್ಟ್ ಆದರೆ 28,320 ಹೋಗಿ ಉಳಿಯುವುದು 11,51,680. 90 ದಿನಕ್ಕೆ 8.5% ದರ ಸಿಕ್ಕಿದರೆ ಬಡ್ಡಿ ಸುಮಾರು 24,138 ರೂ. ಅದೇ ಹಣವನ್ನು 14%ಕ್ಕೆ ಎತ್ತಿದರೆ 39,757. ತಿಂಗಳಿಗೆ 2%ರ ಕೈಸಾಲವಾದರೆ 69,101. ಪ್ಲಾಟ್‌ಫಾರಂ ಶುಲ್ಕ ಇದರ ಮೇಲೆ, ಅದಕ್ಕೆ ಜಿಎಸ್‌ಟಿಯೂ ಉಂಟು. ಬಡ್ಡಿಗೆ ಜಿಎಸ್‌ಟಿ ಇಲ್ಲ.

ಆ 12 ಪೀಸಿನ ಹತ್ತಿರವೇ ಹೆಚ್ಚಿನ ಬಿಲ್ಲುಗಳು ಸಿಕ್ಕಿಹಾಕಿಕೊಳ್ಳುವುದು. ಬಿಲ್ಲಿನಲ್ಲಿ 500, ಜಿಆರ್‌ಎನ್‌ನಲ್ಲಿ (ಖರೀದಿದಾರರು ಕೊಡುವ ಮಾಲು ಸ್ವೀಕೃತಿ ಚೀಟಿಯಲ್ಲಿ) 488 ಇದ್ದರೆ ಖರೀದಿದಾರರ ಅಕೌಂಟ್ಸ್ ವಿಭಾಗ ಒಪ್ಪಿಗೆ ಒತ್ತುವುದಿಲ್ಲ; ಒತ್ತಿಬಿಟ್ಟರಂತೂ ಆಮೇಲೆ ಡೆಬಿಟ್ ನೋಟಿನ (ಕಡಿತದ ಚೀಟಿಯ) ಜಗಳ ಟ್ರೆಡ್ಸ್‌ನ ಹೊರಗೆ ನಡೆಯಬೇಕು. ಹಾಗಾಗಿ ಜಿಆರ್‌ಎನ್ ಕೈಗೆ ಬಂದಮೇಲೆಯೇ ಅಪ್‌ಲೋಡ್ ಮಾಡಿ. ರಿಜೆಕ್ಷನ್ ಮತ್ತು ಟಿಡಿಎಸ್ ಕಳೆದ ನಿವ್ವಳ ಮೊತ್ತವನ್ನೇ ಹಾಕಿ. ಪಿಒ (ಖರೀದಿ ಆದೇಶ) ಸಂಖ್ಯೆ ಒಂದಕ್ಷರ ತಪ್ಪಿದರೂ ಬಿಲ್ಲು ಹಿಂದಕ್ಕೆ. ಗಡುವು ಬಿಲ್ ತಾರೀಖಿನಿಂದಲೋ ಜಿಆರ್‌ಎನ್ ತಾರೀಖಿನಿಂದಲೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಈ ಸೇವೆಯ ದೊಡ್ಡ ಕೊರತೆಯೂ ಆ ಒಪ್ಪಿಗೆ ಗುಂಡಿಯೇ. ವಹಿವಾಟು 250 ಕೋಟಿ ದಾಟಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ಗೆ ಸೇರಲೇಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಆದೇಶಿಸಿತು. ಅದಕ್ಕೂ ಮೊದಲು ಮಿತಿ 500 ಕೋಟಿ ಇತ್ತು. ಸೇರುವುದು ಕಡ್ಡಾಯ, ಬಿಲ್ಲು ಒಪ್ಪುವುದಲ್ಲ. ಹೆಸರು ನೋಂದಾಯಿಸಿ ಸುಮ್ಮನೆ ಕೂತ ಕಂಪನಿಯನ್ನು ನೀವೇನೂ ಮಾಡಲಾಗದು. ರೇಟಿಂಗ್ ಚೆನ್ನಾಗಿಲ್ಲದ ಮಧ್ಯಮ ಗಾತ್ರದ ಖರೀದಿದಾರರ ಬಿಲ್ಲಿಗೆ ಬಿಡ್ಡೇ ಬೀಳದಿರುವುದೂ ಉಂಟು. ಆ ಮಟ್ಟಿಗೆ ಇದು ದೊಡ್ಡವರಿಗೆ ಮಾಲು ಹಾಕುವವರ ಸೌಲಭ್ಯ.

ನೋಂದಣಿಗೆ ಉದ್ಯಮ್ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯಾದರೆ ಬೋರ್ಡ್ ರೆಸೊಲ್ಯೂಷನ್ ಬೇಕು. ನಿಮ್ಮ ಖರೀದಿದಾರರು ಯಾವ ಪ್ಲಾಟ್‌ಫಾರಂನಲ್ಲಿದ್ದಾರೋ ಅಲ್ಲೇ ಸೇರಬೇಕು. ಇಬ್ಬರು ಎರಡು ಕಡೆ ಇದ್ದರೆ ಎರಡು ಸಲ ಅದೇ ಕಾಗದ, ಅದೇ ಸಹಿ. ಈ ದ್ರಾವಿಡ ಪ್ರಾಣಾಯಾಮ ಯಾಕೋ!

ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ದಾಸ್ತಾನು ಮತ್ತು ಬಾಕಿಯ ಮೇಲಿನ ಬ್ಯಾಂಕ್ ಸಾಲ) ಖಾತೆ ಇದ್ದವರು ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ಬರಬೇಕಾದ ಬಾಕಿಯೆಲ್ಲ ನಿಮ್ಮ ಬ್ಯಾಂಕಿಗೆ ಹೈಪೋಥಿಕೇಷನ್ (ಸಾಲದ ಭದ್ರತೆ) ಆಗಿರುತ್ತದೆ, ಆದ್ದರಿಂದ ಮೊದಲು ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಟ್ರೆಡ್ಸ್‌ನಲ್ಲಿ ಮಾರಿದ ಬಿಲ್ಲನ್ನು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನ ಬಾಕಿದಾರರ (ನಿಮಗೆ ಹಣ ಕೊಡಬೇಕಾದವರ) ಪಟ್ಟಿಯಿಂದ ತೆಗೆಯಿರಿ. ಬಿಟ್ಟರೆ ಒಂದೇ ಬಿಲ್ಲಿಗೆ ಎರಡು ಕಡೆ ಸಾಲ ಎತ್ತಿದ ಹಾಗಾಗುತ್ತದೆ, ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಲಿಮಿಟ್ಟಿಗೇ ಕುತ್ತು. ತೆಗೆದಾಗ ಡ್ರಾಯಿಂಗ್ ಪವರ್ (ಸಿಸಿಯಿಂದ ಎತ್ತಬಹುದಾದ ಮೊತ್ತ) ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕಿಡಿ. ಬಂದ ಹಣ ಸಿಸಿಗೆ ಜಮೆಯಾದರೆ ಕೈಯಲ್ಲಿ ಹೆಚ್ಚಾಗಿ ಉಳಿಯುವುದು ಬಿಲ್ಲಿನ ಪೂರ್ತಿ ಮೊತ್ತವಲ್ಲ, ಬ್ಯಾಂಕಿನ ಮಾರ್ಜಿನ್ ಭಾಗ (ಬಾಕಿಯಲ್ಲಿ ಬ್ಯಾಂಕು ಸಾಲ ಕೊಡದೆ ಬಿಡುವ ಪಾಲು) ಮಾತ್ರ.

ಬಡ್ಡಿ ಯಾರ ತಲೆಗೆ ಎಂಬುದು ಮಾತುಕತೆಯ ವಿಷಯ. ಮಾರುವವರೂ ಹೊರಬಹುದು, ಕೊಳ್ಳುವವರೂ ಹೊರಬಹುದು. ಪಿಒ ಬರುವಾಗಲೇ ಎರಡು ಸಾಲು ಬರೆಸಿಕೊಳ್ಳಿ: ಜಿಆರ್‌ಎನ್ ಆದ ಏಳು ದಿನದೊಳಗೆ ಟ್ರೆಡ್ಸ್‌ನಲ್ಲಿ ಒಪ್ಪಿಗೆ, 45 ದಿನ ಮೀರಿದ ಅವಧಿಯ ಬಡ್ಡಿ ಖರೀದಿದಾರರದು. ಮಾಲು ಗೇಟು ದಾಟಿದ ಮೇಲೆ ಕೇಳಿದರೆ ಪರ್ಚೇಸ್ ಮ್ಯಾನೇಜರ್ ಫೋನು ಎತ್ತುವುದಿಲ್ಲ.